ಕಿಡಿ ಬೇಕಾದ ಗಾಡಿ, ಕಿಡಿ ಬೇಡದ ಗಾಡಿ

2025ರ ಜೂನ್‌ನಲ್ಲಿ ಟಾಟಾ ಮೋಟಾರ್ಸ್ 'ಏಸ್ ಪ್ರೋ' ಎಂಬ ಪುಟ್ಟ ಸರಕು ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಪೆಟ್ರೋಲ್, ಪೆಟ್ರೋಲ್ ಜೊತೆಗೆ ಸಿಎನ್‌ಜಿ, ವಿದ್ಯುತ್ ಎಂದು ಮೂರು ಬಗೆ. ಡೀಸೆಲ್ ಇಲ್ಲ. ಆರಂಭಿಕ ಎಕ್ಸ್-ಶೋರೂಂ ಬೆಲೆ 3.99 ಲಕ್ಷ ರೂಪಾಯಿ. ಮೂರೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ, ಅದೇ ಕಂಪನಿ 'ಏಸ್ ಗೋಲ್ಡ್ ಪ್ಲಸ್' ಎಂಬ ಡೀಸೆಲ್ ಗಾಡಿಯನ್ನು 5.52 ಲಕ್ಷಕ್ಕೆ ತಂದು, ದೇಶದಲ್ಲೇ ಅತಿ ಅಗ್ಗದ ಡೀಸೆಲ್ ಮಿನಿ ಟ್ರಕ್ ಇದು ಎಂದು ಹೇಳಿಕೊಂಡಿತು. ಅತಿ ಅಗ್ಗದ ಡೀಸೆಲ್ಲೇ ಪೆಟ್ರೋಲಿಗಿಂತ ಒಂದೂವರೆ ಲಕ್ಷ ತುಟ್ಟಿ! ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಬೆಲೆಪಟ್ಟಿಗಳು ಬದಲಾದವು. ಆದರೆ ತೆರಿಗೆ ಎರಡೂ ಬಗೆಗೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರಿಂದ ಆ ಅಂತರದ ಕಾರಣ ಹಾಗೆಯೇ ಉಳಿದಿದೆ.

ಇಪ್ಪತ್ತು ವರ್ಷದ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 2005ರಲ್ಲಿ ಮೊದಲ ಏಸ್ ಬಂದಾಗ ಅದರಲ್ಲಿದ್ದದ್ದು 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. 'ಛೋಟಾ ಹಾಥಿ' ಎಂದು ಹೆಸರಾದ ಆ ಗಾಡಿ ಸಾಲ ಮಾಡಿ ಸ್ವಂತ ದುಡಿಮೆ ಶುರು ಮಾಡಿದ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ಸರಕು ಗಾಡಿ ಎಂದರೆ ಡೀಸೆಲ್ ಎಂಬುದು ಆಗ ಹೇಳಬೇಕಾದ ಮಾತೇ ಆಗಿರಲಿಲ್ಲ. ಮಾರುತಿಯ ಸೂಪರ್ ಕ್ಯಾರಿ ಕೂಡ 2016ರಲ್ಲಿ ಬಂದದ್ದು 793 ಸಿಸಿಯ ಡೀಸೆಲ್ ಎಂಜಿನ್ ಹೊತ್ತುಕೊಂಡು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ನಿಯಮ ಜಾರಿಯಾಯಿತು, ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಈಗ ಸೂಪರ್ ಕ್ಯಾರಿ ಸಿಗುವುದು ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ.

ಈ ಬದಲಾವಣೆಯ ಬಗ್ಗೆ ಬರುವ ಚರ್ಚೆಗಳೆಲ್ಲ ಬಂಕಿನ ದರದ ಸುತ್ತ ತಿರುಗುತ್ತವೆ. ಒಂದು ಕಾಲಕ್ಕೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿಯ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ಸರ್ಕಾರದ ಹಿಡಿತದಿಂದ ಹೊರಬಂದ ಮೇಲೆ ಅದು ಕರಗಿತು, ಆದ್ದರಿಂದ ಜನ ಪೆಟ್ರೋಲಿಗೆ ತಿರುಗಿದರು ಎನ್ನುವುದು ವಾದ. ಸುಳ್ಳಲ್ಲ, ಆದರೆ ಅರ್ಧ ಮಾತು. ಪುಣೆಯಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿರುವ ನನಗೆ ಉಳಿದರ್ಧ ಕಾಣುವುದು ಎಂಜಿನ್ನಿನೊಳಗೆ ಬೆಂಕಿ ಹೊತ್ತುವ ರೀತಿಯಲ್ಲಿ. ಗಾಡಿಯ ಬೆಲೆ, ಹೊಗೆ, ಸಿಎನ್‌ಜಿ ಕಿಟ್ಟು, ಎಥೆನಾಲು, ದೆಹಲಿಯ ಹತ್ತು ವರ್ಷದ ನಿಯಮ, ಇವೆಲ್ಲದರ ಬೇರು ಅಲ್ಲೇ ಇದೆ.

ಪೆಟ್ರೋಲ್ ಎಂಜಿನ್ ನಮ್ಮ ಗ್ಯಾಸ್ ಒಲೆಯ ಹಾಗೆ. ಗಾಳಿ ಮತ್ತು ಇಂಧನ ಮೊದಲೇ ಬೆರೆತು ಸಿಲಿಂಡರಿನಲ್ಲಿ ಸಿದ್ಧವಾಗಿರುತ್ತವೆ: ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ. ಪಿಸ್ಟನ್ ಅದನ್ನು ಹತ್ತರಲ್ಲಿ ಒಂದು ಭಾಗಕ್ಕೆ ಅದುಮುತ್ತದೆ. ಆದರೂ ಬೆಂಕಿ ಹೊತ್ತುವುದಿಲ್ಲ, ಹೊತ್ತಲೂಬಾರದು. ಲೈಟರ್ ಬೇಕು. ಆ ಲೈಟರೇ ಸ್ಪಾರ್ಕ್ ಪ್ಲಗ್. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 20 ಸಾವಿರ ವೋಲ್ಟಿಗೂ ಮೇಲೆ ಏರಿಸುತ್ತದೆ. ಪ್ಲಗ್ಗಿನ ತುದಿಯ ಒಂದು ಮಿಲಿಮೀಟರಿನಷ್ಟು ಸಂದಿಯಲ್ಲಿ ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 25 ಕಿಡಿ. ಯಾವ ಕ್ಷಣಕ್ಕೆ ಹಾರಬೇಕು ಎಂದು ಪ್ರತಿ ಸಲವೂ ಲೆಕ್ಕ ಹಾಕುವುದು ಇಸಿಯು.

ಡೀಸೆಲ್ಲಿನಲ್ಲಿ ಲೈಟರ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಅದನ್ನೇ ಹಟ ಹಿಡಿದು ಮಾಡಿದರೆ ಡೀಸೆಲ್ ಎಂಜಿನ್ ಆಗುತ್ತದೆ. ಬರೀ ಗಾಳಿಯನ್ನು ಒಳಗೆಳೆದು ಹದಿನಾರು, ಹದಿನೆಂಟರಲ್ಲಿ ಒಂದು ಭಾಗಕ್ಕೆ ಅದುಮಿದರೆ ಅದು 500 ಡಿಗ್ರಿ ದಾಟುತ್ತದೆ. ಆಗ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸುತ್ತಾರೆ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ಬಿದ್ದದ್ದೇ ಸಿಡಿಯುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಡೀಸೆಲ್ ಗಾಡಿಯಲ್ಲೂ ಪ್ಲಗ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಹೀಟರ್ ಪ್ಲಗ್. ಚಳಿಯಲ್ಲಿ ತಣ್ಣಗಿರುವ ಎಂಜಿನ್ನನ್ನು ಎಬ್ಬಿಸಲು ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಅಷ್ಟೇ. ಎಂಜಿನ್ ಹಿಡಿದುಕೊಂಡ ಮೇಲೆ ಅದರ ಹಂಗಿಲ್ಲ.

ಹಳೆಯ ಚಾಲಕರಿಗೆ ಈ ವ್ಯತ್ಯಾಸ ಕೈಯಲ್ಲೇ ಗೊತ್ತಿತ್ತು. ಪೆಟ್ರೋಲ್ ಗಾಡಿಯ ಕೀ ತಿರುಗಿಸಿದರೆ ಕಿಡಿ ನಿಂತು ಎಂಜಿನ್ ಆಫ್. ಹಳೆಯ ಡೀಸೆಲ್ ಲಾರಿಯಲ್ಲಿ ನಿಲ್ಲಿಸಲು ಕಿಡಿಯೇ ಇಲ್ಲವಾದ್ದರಿಂದ ಸ್ಟೇರಿಂಗಿನ ಹತ್ತಿರದ ಒಂದು ಗುಬಟನ್ನು ಎಳೆದು ಡೀಸೆಲ್ಲನ್ನೇ ಕಟ್ ಮಾಡಬೇಕಿತ್ತು. ಅಂಥ ಲಾರಿ ಒಮ್ಮೆ ಸ್ಟಾರ್ಟ್ ಆದರೆ ಬ್ಯಾಟರಿ ಬಿಚ್ಚಿಟ್ಟರೂ ಊರು ಮುಟ್ಟುತ್ತಿತ್ತು. ಈಗ ಅದೆಲ್ಲ ಹೋಯಿತು. ಇಂದಿನ ಡೀಸೆಲ್ಲಿನಲ್ಲಿ ಇಂಧನ ಚಿಮ್ಮುವ ಕ್ಷಣವೇ ಬೆಂಕಿಯ ಕ್ಷಣ, ಅದನ್ನು ಹಿಡಿದಿರುವುದೂ ಇಸಿಯುವೇ. ಮೊದಲು ಒಂದು ಹನಿ, ಆಮೇಲೆ ಮುಖ್ಯ ಪ್ರಮಾಣ, ಬೇಕಾದರೆ ಕೊನೆಗೆ ಇನ್ನೊಂದಿಷ್ಟು. ಹಳೆಯ ಗಾಡಿಗಳ ಡಗಡಗ ಸದ್ದು ಈಗ ತಗ್ಗಿದ್ದಕ್ಕೆ ಆ ಮೊದಲ ಹನಿ ಮುಖ್ಯ ಕಾರಣ.

ಈಗ ಬೆಲೆಯ ವಿಷಯಕ್ಕೆ ಬರೋಣ. ಅಷ್ಟು ಒತ್ತಡ ತಡೆಯಲು ಡೀಸೆಲ್ಲಿನ ಬ್ಲಾಕು, ಹೆಡ್ಡು, ಕ್ರ್ಯಾಂಕು ಎಲ್ಲ ದಪ್ಪವಿರಬೇಕು. ಅದು ಹಳೆಯ ಖರ್ಚು. ಹೊಸ ಖರ್ಚು ಎರಡು. ಒಂದು, ಕಾಮನ್ ರೈಲ್ ವ್ಯವಸ್ಥೆಯಲ್ಲಿ ಡೀಸೆಲ್ಲನ್ನು 1600 ಬಾರ್ ಒತ್ತಡದಲ್ಲಿ ಚಿಮ್ಮಿಸುವ ಪಂಪು ಮತ್ತು ನಾಜಲ್‌ಗಳು. ಲಾರಿ ಟೈರಿನ ಗಾಳಿಗಿಂತ ಇದು ಸುಮಾರು ಇನ್ನೂರು ಪಟ್ಟು ಹೆಚ್ಚಿನ ಒತ್ತಡ. ಎರಡನೆಯದು ಹೊಗೆಯ ಖರ್ಚು. ಪೆಟ್ರೋಲಿನಲ್ಲಿ ಎಲ್ಲ ಮೊದಲೇ ಬೆರೆತಿರುವುದರಿಂದ ಉರಿ ಹೆಚ್ಚುಕಮ್ಮಿ ಸ್ವಚ್ಛ. ಸೈಲೆನ್ಸರಿನ ದಾರಿಯಲ್ಲಿ ಒಂದು ತ್ರೀ-ವೇ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ಟರೆ ಮೂರು ಬಗೆಯ ವಿಷಾನಿಲ ಒಟ್ಟಿಗೆ ತಗ್ಗುತ್ತವೆ. ಡೀಸೆಲ್ಲಿನಲ್ಲಿ ಹನಿಯ ಅಂಚು ಉರಿಯುತ್ತದೆ, ಒಳಗಿನ ಭಾಗಕ್ಕೆ ಗಾಳಿ ಸಾಲದೆ ಮಸಿಯಾಗುತ್ತದೆ. ಅದೇ ಹೊತ್ತಿಗೆ ಸಿಲಿಂಡರಿನಲ್ಲಿ ಒಟ್ಟಾರೆ ಗಾಳಿ ಹೆಚ್ಚಿ, ಬಿಸಿಯೂ ಹೆಚ್ಚಿ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ಹೆಚ್ಚುವರಿ ಆಮ್ಲಜನಕ ಇರುವುದರಿಂದ ಪೆಟ್ರೋಲಿನ ಕನ್ವರ್ಟರ್ ಇಲ್ಲಿ ಕೆಲಸ ಮಾಡದು. ಮಸಿಗೆ ಡಿಪಿಎಫ್ ಎಂಬ ಸೋಸುವ ಡಬ್ಬಿ, ನೈಟ್ರೋಜನ್ ಆಕ್ಸೈಡಿಗೆ ಯೂರಿಯಾ ದ್ರಾವಣ ಚಿಮ್ಮಿಸುವ ವ್ಯವಸ್ಥೆಯನ್ನೋ ಅದನ್ನು ಹಿಡಿದಿಟ್ಟುಕೊಳ್ಳುವ ಟ್ರ್ಯಾಪನ್ನೋ ಕೂರಿಸಬೇಕು. ಏಸ್ ಗೋಲ್ಡ್ ಪ್ಲಸ್ ಟ್ರ್ಯಾಪಿನ ದಾರಿ ಹಿಡಿದು ಯೂರಿಯಾದ ತಲೆನೋವು ತಪ್ಪಿಸಿದೆ. ಈ ಸಾಮಾನುಗಳ ಬೆಲೆ ಎಂಜಿನ್ ಅರ್ಧವಾದರೆ ಅರ್ಧವಾಗುವುದಿಲ್ಲ. ನಲವತ್ತು ಲಕ್ಷದ ಲಾರಿಯಲ್ಲಿ ಅದು ಕಾಣದೆ ಹೋಗುತ್ತದೆ, ನಾಲ್ಕು ಲಕ್ಷದ ಗಾಡಿಯಲ್ಲಿ ಕಣ್ಣಿಗೆ ರಾಚುತ್ತದೆ. ಸಣ್ಣ ಡೀಸೆಲ್ ಸೋತದ್ದು ಇಲ್ಲಿ.

ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಿನ ಜಾವ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಇಂಡಿಯಿಂದ ನಿಂಬೆಹಣ್ಣು ತರುವ ಒಬ್ಬರು ನನಗೆ ಪರಿಚಯ. ಡೀಸೆಲ್ ಪಿಕಪ್ಪಿನಲ್ಲಿ ರಾತ್ರಿಯಿಡೀ ಸೊಲ್ಲಾಪುರ ಹೆದ್ದಾರಿಯಲ್ಲಿ ಬರುತ್ತಾರೆ. ಅವರ ತಮ್ಮ ಪುಣೆಯಲ್ಲೇ ಉಳಿದು ಪಾರ್ಸೆಲ್ ಹಂಚುವ ಕೆಲಸಕ್ಕೆ ಗಾಡಿ ಕೊಳ್ಳಬೇಕೆಂದಿದ್ದ. "ಸರ, ಶೋರೂಮಿನ್ಯಾಗ ಪೆಟ್ರೋಲಿಂದು ತಗೋ ಅಂತಾರ. ನಮ್ಮ ಮಂದಿ ಡೀಸೆಲ್ ಬಿಟ್ರ ಭಾರ ಎಳ್ಯಾಂಗಿಲ್ಲ ಅಂತಾರ. ಖರೇ ಹೇಳ್ರಿ, ಪ್ಲಗ್ಗಿನ ಗಾಡಿ ಎಳೀತೈತೇನ್ರಿ?" ಎಂದು ಕೇಳಿದರು. "ಕಾಕಾ, ನಿಮ್ಮ ಕೆಲಸಕ್ಕ ಬ್ಯಾಡ, ತಮ್ಮನ ಕೆಲಸಕ್ಕ ನಡೀತದ" ಎಂದೆ. ಒಂದೇ ಮನೆಯಲ್ಲಿ ಎರಡು ಉತ್ತರ ಹೇಗೆ ಎಂದು ಅವರು ನಕ್ಕರು.

ಎಳೆತದ ಮಾತು ನಿಜ. ಪೆಟ್ರೋಲನ್ನು ತೀರ ಅದುಮಿದರೆ, ಇಲ್ಲವೇ ಕಡಿಮೆ ವೇಗದಲ್ಲಿ ಟರ್ಬೊದಿಂದ ಗಾಳಿ ತುರುಕಿದರೆ, ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಎಂಜಿನ್ 'ನಾಕ್' ಹೊಡೆಯುತ್ತದೆ. ಡೀಸೆಲ್ಲಿಗೆ ಆ ಹೆದರಿಕೆ ಇಲ್ಲ, ಏಕೆಂದರೆ ಅದುಮುವಾಗ ಒಳಗಿರುವುದು ಬರೀ ಗಾಳಿ. ಹಾಗಾಗಿ ಏರಿನಲ್ಲಿ ಭಾರ ಹೇರಿಕೊಂಡು ನಿಧಾನ ಸುತ್ತಿನಲ್ಲೇ ಎಳೆಯುವುದು ಅದಕ್ಕೆ ಸಲೀಸು, ಇಂಧನವೂ ಕಡಿಮೆ ಸಾಕು. ಮೇಲಿನ ಎರಡು ಗಾಡಿಗಳನ್ನೇ ನೋಡಿ. ಪೆಟ್ರೋಲ್ ಏಸ್ ಪ್ರೋ 30 ಅಶ್ವಶಕ್ತಿ, ಡೀಸೆಲ್ ಗೋಲ್ಡ್ ಪ್ಲಸ್ ಬರೀ 22. ಟಾರ್ಕ್ ಎರಡಕ್ಕೂ 55 ನ್ಯೂಟನ್-ಮೀಟರ್. ಆದರೆ ಕಂಪನಿ ಹೇಳುವ ಭಾರ ಮೊದಲನೆಯದಕ್ಕೆ 750 ಕಿಲೋ, ಎರಡನೆಯದಕ್ಕೆ 900. ಬ್ರೋಷರಿನ ಅಶ್ವಶಕ್ತಿ ನೋಡಿ ಗಾಡಿ ಕೊಳ್ಳಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇನ್ನು ತಮ್ಮನ ಕೆಲಸ. ಅರ್ಧ ಕಿಲೋಮೀಟರಿಗೊಮ್ಮೆ ನಿಲ್ಲಿಸು, ಪಾರ್ಸೆಲ್ ಕೊಡು, ಮತ್ತೆ ಸ್ಟಾರ್ಟ್ ಮಾಡು. ಡಿಪಿಎಫ್‌ನಲ್ಲಿ ತುಂಬಿದ ಮಸಿಯನ್ನು ಆಗಾಗ ಸುಟ್ಟುಹಾಕಬೇಕು, ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಹೆದ್ದಾರಿಯಲ್ಲಿ ಇದು ತಾನಾಗಿ ಆಗಿಬಿಡುತ್ತದೆ. ಪೇಟೆಯ ಓಡಾಟದಲ್ಲಿ ಆ ಬಿಸಿ ಬರುವುದೇ ಇಲ್ಲ. ಇಸಿಯು ಹೆಚ್ಚುವರಿ ಡೀಸೆಲ್ ಸುರಿದು ಬಿಸಿ ಏರಿಸಲು ನೋಡುತ್ತದೆ, ಅಷ್ಟರಲ್ಲಿ ಚಾಲಕ ಕೀ ತಿರುಗಿಸಿ ಇಳಿದಿರುತ್ತಾನೆ. ಅರ್ಧಕ್ಕೆ ನಿಂತ ಈ ಕೆಲಸ ಮತ್ತೆ ಮತ್ತೆ ನಡೆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ದೀಪ ಹತ್ತಿದಾಗ ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ ಎಂದು ಗಾಡಿ ಕೊಡುವಾಗ ಹೇಳುವವರು ಅಪರೂಪ.

ಹಣದ ಲೆಕ್ಕವನ್ನೂ ಹಾಕೋಣ. ಬೆಂಗಳೂರಿನ 2025ರ ದರದಂತೆ ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ. ಮೈಲೇಜು ಉದಾಹರಣೆಗೆ ಪೆಟ್ರೋಲಿಗೆ 18, ಡೀಸೆಲ್ಲಿಗೆ 22 ಎನ್ನೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ, ನಿಮ್ಮ ಗಾಡಿಯದನ್ನು ನೀವು ಹಾಕಿಕೊಳ್ಳಿ. ಕಿಲೋಮೀಟರಿಗೆ ಸುಮಾರು 1.60 ರೂಪಾಯಿ ಡೀಸೆಲ್ಲಿನಲ್ಲಿ ಉಳಿತಾಯ. ದಿನಕ್ಕೆ 80 ಕಿಲೋಮೀಟರ್, ವರ್ಷಕ್ಕೆ 300 ದಿನ ಓಡಿದರೆ ವರ್ಷಕ್ಕೆ 38 ಸಾವಿರ. ಒಂದೂವರೆ ಲಕ್ಷದ ಅಂತರ ತೀರಲು ನಾಲ್ಕು ವರ್ಷ. ದಿನಕ್ಕೆ 40 ಕಿಲೋಮೀಟರಾದರೆ ಎಂಟು ವರ್ಷ, ಅಷ್ಟರಲ್ಲಿ ಸಾಲ ತೀರಿ ಗಾಡಿಯೂ ಹಳತಾಗಿರುತ್ತದೆ. ಬಡ್ಡಿ, ಫಿಲ್ಟರ್, ನಾಜಲ್ ಕೆಲಸ ಇದರಲ್ಲಿ ಸೇರಿಲ್ಲ. ಪೆಟ್ರೋಲಿನಲ್ಲಿ ಪ್ಲಗ್ ಬದಲಾವಣೆ ಕೆಲವು ನೂರು ರೂಪಾಯಿಯ ಮಾತು. ಇಂಡಿಯ ಕಾಕಾನ ಲೆಕ್ಕ ಬೇರೆ. ದಿನಕ್ಕೆ ಇನ್ನೂರು, ಮುನ್ನೂರು ಕಿಲೋಮೀಟರ್ ತುಂಬಿದ ಗಾಡಿ ಓಡಿಸುವವರಿಗೆ ಡೀಸೆಲ್ಲೇ ಸರಿ.

ಇಲ್ಲೇ ಒಂದು ಎಚ್ಚರಿಕೆ. ಈಗ ನೋಡಲು ಒಂದೇ ತರಹದ ಗಾಡಿಗಳು ಎರಡೂ ಇಂಧನದಲ್ಲಿ ಬರುತ್ತಿರುವುದರಿಂದ ಬಂಕಿನಲ್ಲಿ ತಪ್ಪು ಇಂಧನ ತುಂಬಿಸುವ ಸಾಧ್ಯತೆ ಹೆಚ್ಚು. ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ ಕೀ ಕೂಡ ತಿರುಗಿಸಬೇಡಿ. ಆ ಪಂಪಿಗೆ ಜಾರಲು ಎಣ್ಣೆಯಂತಿರುವುದೇ ಡೀಸೆಲ್. ಪೆಟ್ರೋಲಿನಲ್ಲಿ ಅದು ಒಣಗಿ ಸವೆದು, ಲೋಹದ ಪುಡಿ ನಾಜಲ್‌ವರೆಗೆ ಹೋಗುತ್ತದೆ. ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸುವುದೇ ದಾರಿ.

ಸಿಎನ್‌ಜಿ ಕಿಟ್ಟನ್ನು ಡೀಸೆಲ್ ಗಾಡಿಗೆ ಯಾಕೆ ಹಾಕಿಕೊಡುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಕಿಡಿಯೇ. ಸಿಎನ್‌ಜಿ ಎಷ್ಟು ಅದುಮಿದರೂ ಸುಲಭಕ್ಕೆ ತಾನಾಗಿ ಹೊತ್ತುವುದಿಲ್ಲ. ಆದ್ದರಿಂದ ಪ್ಲಗ್ ಇರುವ ಪೆಟ್ರೋಲ್ ಎಂಜಿನ್ನಿನ ಮೇಲೆ ಅದು ಕೂರುತ್ತದೆ, ಡೀಸೆಲ್ ಎಂಜಿನ್ನಾದರೆ ಹೆಡ್ಡು ಕೊರೆದು ಪ್ಲಗ್ ಕೂರಿಸಬೇಕು. ಸಣ್ಣ ಗಾಡಿಗಳ ಕಂಪನಿಗಳು ಪೆಟ್ರೋಲಿಗೆ ಒಲಿದದ್ದಕ್ಕೆ ಇದೂ ಕಾರಣ. ಒಂದೇ ಎಂಜಿನ್ನಿನಲ್ಲಿ ಎರಡು ಗಿರಾಕಿ.

ನಮ್ಮ ಕಬ್ಬು ಬೆಳೆಗಾರರಿಗೂ ಇದರ ನಂಟಿದೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು, ಮೊದಲು ಇಟ್ಟುಕೊಂಡ ಗಡುವು 2030. ಕಿಡಿಯ ಎಂಜಿನ್ನಿಗೆ ಎಥೆನಾಲ್ ಒಂದು ಲೆಕ್ಕದಲ್ಲಿ ಒಳ್ಳೆಯದೇ: ಅದು ತಾನಾಗಿ ಹೊತ್ತಿಕೊಳ್ಳುವುದನ್ನು ತಡೆಯುತ್ತದೆ, ಅಂದರೆ ಆಕ್ಟೇನ್ ಹೆಚ್ಚು. ಕೆಟ್ಟದ್ದೆಂದರೆ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇ20 ತುಂಬಿಸಿದರೆ ಲೀಟರಿನಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ ಸಿಗುತ್ತದೆ. ಹೆಚ್ಚಿದ ಆಕ್ಟೇನಿನ ಲಾಭ ಪಡೆಯುವಂತೆ ರೂಪಿಸಿದ ಹೊಸ ಎಂಜಿನ್ ಅದರಲ್ಲಿ ಒಂದಿಷ್ಟನ್ನು ತುಂಬಿಕೊಳ್ಳಬಹುದು, ಹಳೆಯದಕ್ಕೆ ಆಗದು. ದಿನಕ್ಕೆ ನೂರು ಕಿಲೋಮೀಟರ್ ಓಡುವ ಸರಕು ಗಾಡಿಯವನಿಗೆ ಇದು ಕಾರಿನವರ ಗೊಣಗಾಟದಂಥದ್ದಲ್ಲ, ತಿಂಗಳ ಕಂತಿನ ಪ್ರಶ್ನೆ. ಆದರೂ ಇ20 ಗಲಾಟೆಯಲ್ಲಿ ಕೇಳಿಸಿದ್ದೆಲ್ಲ ಕಾರು, ಬೈಕಿನವರ ದನಿ.

ದೇಶದಲ್ಲಿ ಡೀಸೆಲ್ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ಹಾಗಾದರೆ ಡೀಸೆಲ್ಲಿಗೂ ಎಥೆನಾಲ್ ಬೆರೆಸಿದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾರ್ಖಾನೆಗಳಿಗೆ ಎಷ್ಟು ದೊಡ್ಡ ಮಾರುಕಟ್ಟೆ! 2025ರ ನವೆಂಬರ್‌ನಲ್ಲಿ ಗುರ್ಲಾಪುರದಲ್ಲಿ ಕಬ್ಬಿನ ದರಕ್ಕಾಗಿ ರೈತರು ಬೀದಿಗಿಳಿದಾಗ, ರಾಜ್ಯಕ್ಕೆ ಎಥೆನಾಲ್ ಹಂಚಿಕೆ ತೀರ ಕಡಿಮೆ ಎಂದು ರಾಜ್ಯ ಸರ್ಕಾರ ಕೇಂದ್ರವನ್ನು ದೂರಿತ್ತು. ಆದರೆ ಪೆಟ್ರೋಲಿನಲ್ಲಿ ವರವಾದ ಗುಣವೇ ಡೀಸೆಲ್ಲಿನಲ್ಲಿ ಶಾಪ. ಡೀಸೆಲ್ಲಿಗೆ ಬೇಕಾದದ್ದು ಬಿಸಿಗೆ ತಟ್ಟನೆ ಹೊತ್ತುವ ಗುಣ. ಅದರ ಅಳತೆ ಸೀಟೇನ್. ಬಿಎಸ್-6 ಡೀಸೆಲ್ಲಿಗೆ ಕನಿಷ್ಠ 51 ಬೇಕು, ಎಥೆನಾಲಿಗೆ ಹತ್ತೂ ಇಲ್ಲ. ಮೇಲಾಗಿ ಅದು ಡೀಸೆಲ್ ಜೊತೆ ನೆಟ್ಟಗೆ ಬೆರೆಯುವುದೂ ಇಲ್ಲ. ಡೀಸೆಲ್ಲಿಗೆ ಎಥೆನಾಲ್ ಬೆರೆಸುವ ಪ್ರಯೋಗ ಕೈಗೂಡಲಿಲ್ಲ, ಈಗ ಐಸೊಬ್ಯುಟನಾಲ್ ಪರೀಕ್ಷೆ ನಡೆದಿದೆ ಎಂದು ಸಚಿವ ನಿತಿನ್ ಗಡ್ಕರಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಅದು ಡೀಸೆಲ್ಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಆದರೆ ಸೀಟೇನ್ ಅದಕ್ಕೂ ಕಡಿಮೆಯೇ. ಡೀಸೆಲ್ಲಿನ ಹೆಸರಿನಲ್ಲಿ ಕಬ್ಬಿಗೆ ಹೆಚ್ಚು ದರದ ಭರವಸೆ ಕೊಡುವವರನ್ನು ರೈತ ಸಂಘಗಳು ಈ ಒಂದು ಅಂಕಿಯ ಬಗ್ಗೆ ಕೇಳಬೇಕು.

ಕೊನೆಗೆ ದೆಹಲಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ರಸ್ತೆಗಿಳಿಯಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಐದು ವರ್ಷದ ಅಂತರ ಡೀಸೆಲ್ಲಿನ ಮಸಿಗೆ ಹಾಕಿದ ದಂಡ. ಆ ಹೊತ್ತಿನ ಗಾಡಿಗಳನ್ನು ನೋಡಿದರೆ ತಪ್ಪಲ್ಲ. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವನ್ನೇ ಕೊಡಬಾರದೆಂಬ ಆದೇಶ ಬಂದು ಕೆಲವೇ ದಿನದಲ್ಲಿ ತಡೆಬಿತ್ತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡವೆಂದಿತು, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ಮೇಲಿನ ಗಾಡಿಗಳಿಗಷ್ಟೇ ಉಳಿಸಿತು. ನನ್ನ ಮಟ್ಟಿಗೆ ಇದು ಸರಿಯಾದ ದಿಕ್ಕು. ಡಿಪಿಎಫ್ ನೆಟ್ಟಗಿರುವ ಬಿಎಸ್-6 ಡೀಸೆಲ್ಲಿನ ಮಸಿ ಬಿಎಸ್-3 ಗಾಡಿಯ ಮಸಿಗೆ ಹೋಲಿಕೆಯೇ ಅಲ್ಲ. ವಯಸ್ಸು ನೋಡಿ ಗುಜರಿಗೆ ಹಾಕಿದರೆ ಸಾಲ ತೀರಿಸಿದ ಬಡಪಾಯಿ ಮಾಲೀಕ ಮತ್ತೆ ಸಾಲಕ್ಕೆ ಬೀಳುತ್ತಾನೆ.

ಆದರೆ 'ಡಿಪಿಎಫ್ ನೆಟ್ಟಗಿರುವ' ಎಂಬ ಮಾತಿನಲ್ಲಿ ದೊಡ್ಡ ತೂತಿದೆ. ಕಟ್ಟಿಕೊಂಡ ಫಿಲ್ಟರನ್ನು ಕಿತ್ತುಹಾಕಿ, ಅದು ಇನ್ನೂ ಇದೆ ಎಂದು ನಂಬುವಂತೆ ಇಸಿಯುವಿನ ಸಾಫ್ಟ್‌ವೇರ್ ತಿದ್ದಿಕೊಡುವವರು ಇದ್ದಾರೆ. ಡೀಸೆಲ್ಲಿನಲ್ಲಿ ಬೆಂಕಿಯ ಕ್ಷಣವೂ ಹೊಗೆಯ ಲೆಕ್ಕವೂ ಸಾಫ್ಟ್‌ವೇರಿನ ಕೈಯಲ್ಲಿರುವುದರಿಂದ ಮೋಸವೂ ಅಲ್ಲೇ ನಡೆಯುತ್ತದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಇಂಥದ್ದೇ ಕೆಲಸಕ್ಕೆ. ಭಾರತದಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿ ಸಾಫ್ಟ್‌ವೇರ್ ಸರಿಪಡಿಸುವುದಾಗಿ ಅದು ಹೇಳಬೇಕಾಯಿತು. ನಮ್ಮ ಪಿಯುಸಿ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಯ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ಬೆಳಕು ತಡೆಯುತ್ತದೆ ಎಂದು ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಫಿಲ್ಟರ್ ಕಿತ್ತ ಹೊಸ ಎಂಜಿನ್ ಆ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗಬಹುದು. ಪ್ರತಿ ಬಿಎಸ್-6 ಗಾಡಿಯಲ್ಲೂ ಸ್ಟೇರಿಂಗಿನ ಕೆಳಗೆ ಒಂದು ಸಾಕೆಟ್ ಇದೆ. ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಫಿಲ್ಟರಿನ ಒತ್ತಡ, ಅದು ಮಸಿ ಸುಟ್ಟುಕೊಂಡ ದಾಖಲೆ, ಎಂಜಿನ್ ಕಂಡುಹಿಡಿದ ದೋಷಗಳನ್ನು ಓದಬಹುದು, ಅಸಲಿ ಸಾಫ್ಟ್‌ವೇರ್ ಹೌದೋ ಅಲ್ಲವೋ ಎಂದು ಹೋಲಿಸಲೂಬಹುದು. ಆ ಸ್ಕ್ಯಾನರ್ ಇವತ್ತು ಗಲ್ಲಿಯ ಗ್ಯಾರೇಜುಗಳಲ್ಲೂ ಇದೆ. ಪಿಯುಸಿ ಕೇಂದ್ರದಲ್ಲಿ ಅದನ್ನು ಬಳಸಬೇಕೆಂಬ ನಿಯಮವಿಲ್ಲ.